ಮಂಡ್ಯದ ಮನೆಮಂದಿ, ಇಂಗ್ಲೆಂಡಿನ ಪ್ರಶ್ನಾವಳಿ

ಇಂಗ್ಲೆಂಡಿನ ಲೀಡ್ಸ್‌ನಲ್ಲಿ ನೆಲೆಸಿರುವ ನನಗೆ ಖಿನ್ನತೆಯ ಚಿಕಿತ್ಸೆಯನ್ನು ಎರಡು ಕಡೆ ಹತ್ತಿರದಿಂದ ನೋಡುವ ಸಂದರ್ಭ ಒದಗಿತು. ಇಲ್ಲಿ ಕಾಯಿಲೆ ಬಿದ್ದವರು ನನ್ನ ಸಹೋದ್ಯೋಗಿ, ಪಾಂಡವಪುರದ ಬಳಿಯ ನಮ್ಮೂರಿನಲ್ಲಿ ನನ್ನ ಸೋದರತ್ತೆ. ಕಾಯಿಲೆಯನ್ನು ಬೇಗ ಗುರುತಿಸುವುದರಲ್ಲಿ ಇಂಗ್ಲೆಂಡು ಮುಂದಿದೆ. ಕಾಯಿಲೆಯವರ ಜೊತೆಗೆ ನಿಲ್ಲುವುದರಲ್ಲಿ ಮಂಡ್ಯ ಮುಂದಿದೆ. ಆದರೆ ಜೊತೆಗೆ ನಿಲ್ಲುವ ಆ ಮನೆಮಂದಿಗೆ ನಮ್ಮ ಆಸ್ಪತ್ರೆಗಳು ಏನನ್ನೂ ತಿಳಿಸಿಕೊಡುವುದಿಲ್ಲ ಎಂಬುದು ನನ್ನ ದೂರು.

ನಮ್ಮ ಸೀಮೆಯ ಹೆಂಗಸರು ಮನಸ್ಸಿನ ಸಂಕಟ ಹೇಳಿಕೊಂಡು ಡಾಕ್ಟರ ಬಳಿ ಹೋಗುವುದು ಅಪರೂಪ. ಮೈಕೈ ನೋವು, ಸುಸ್ತು, ಎದೆ ಹಿಡಿದ ಹಾಗೆ, ಊಟ ಸೇರುವುದಿಲ್ಲ, ನಸುಕಿಗೇ ಎಚ್ಚರವಾಗುತ್ತದೆ ಎನ್ನುತ್ತಾರೆ. ಅತ್ತೆಗೂ ರಕ್ತಪರೀಕ್ಷೆ, ಸ್ಕ್ಯಾನಿಂಗ್, ಗ್ಲೂಕೋಸ್, ಶಕ್ತಿಯ ಇಂಜೆಕ್ಷನ್ ಎಲ್ಲ ಆದವು, ಹರಕೆಯೂ ಆಯಿತು. ಥೈರಾಯ್ಡ್ ಕೊರತೆ, ರಕ್ತಹೀನತೆ, ಬಿ12 ಕೊರತೆಗಳು ಇದೇ ಬಗೆಯ ಲಕ್ಷಣ ತೋರಬಲ್ಲವಾದ್ದರಿಂದ ಪರೀಕ್ಷೆ ಮಾಡಿಸಿದ್ದು ತಪ್ಪಲ್ಲ. ವರದಿಗಳೆಲ್ಲ ಸರಿಯಿವೆ ಎಂದಾಗ ‘ಏನೂ ಇಲ್ಲ, ಧೈರ್ಯವಾಗಿರಿ’ ಎಂದು ಮನೆಗೆ ಕಳಿಸಿದ್ದು ತಪ್ಪು.

ಲೀಡ್ಸ್‌ನ ಸಹೋದ್ಯೋಗಿಯೂ ಸುಸ್ತೆಂದೇ ವೈದ್ಯರ ಬಳಿ ಹೋದವರು. ಅಲ್ಲಿ ಅವರ ಕೈಗೆ ಖಿನ್ನತೆಯ ಲಕ್ಷಣಗಳನ್ನು ಕೇಳುವ 9 ಪ್ರಶ್ನೆಗಳ ಹಾಳೆ ಬಂತು. ಪ್ರತಿ ಉತ್ತರಕ್ಕೆ 0ರಿಂದ 3, ಒಟ್ಟು 27 ಅಂಕ. ಅಂಕವೇ ರೋಗನಿರ್ಣಯವಲ್ಲ. ಖಿನ್ನತೆ ಎನ್ನಬೇಕಾದರೆ, ಕುಗ್ಗಿದ ಮನಸ್ಸು ಅಥವಾ ಯಾವುದರಲ್ಲೂ ಆಸಕ್ತಿ ಇಲ್ಲದಿರುವುದು, ಇವೆರಡರಲ್ಲಿ ಒಂದಾದರೂ ಸೇರಿ, ನಿದ್ದೆ, ಹಸಿವು, ಆಯಾಸ, ಏಕಾಗ್ರತೆ, ತಪ್ಪಿತಸ್ಥ ಭಾವನೆ, ಸಾವಿನ ಯೋಚನೆ ಮುಂತಾದ 9 ಲಕ್ಷಣಗಳ ಪೈಕಿ ಕನಿಷ್ಠ 5 ಎರಡು ವಾರ ಬಿಡದೆ ಕಾಡಿ, ದಿನನಿತ್ಯದ ಬದುಕನ್ನು ಕೆಡಿಸಿರಬೇಕು. ಹಿಂದೆಂದಾದರೂ ಅತಿಯಾದ ಉತ್ಸಾಹದ ಅವಧಿಗಳು ಬಂದಿದ್ದವೇ ಎಂದೂ ಕೇಳಬೇಕು. ಬಂದಿದ್ದರೆ ಔಷಧಿಯ ದಾರಿಯೇ ಬೇರೆ. ನಿಮ್ಹಾನ್ಸ್ ನಡೆಸಿದ 2015–16ರ ರಾಷ್ಟ್ರೀಯ ಸಮೀಕ್ಷೆಯ ಪ್ರಕಾರ ನಮ್ಮ ದೇಶದಲ್ಲಿ ಖಿನ್ನತೆಯುಳ್ಳವರ ಪೈಕಿ ಸುಮಾರು ಶೇ. 85 ಮಂದಿ ಚಿಕಿತ್ಸೆಯಿಂದ ಹೊರಗಿದ್ದರು.

ಕಾರಣದ ವಿಷಯದಲ್ಲಂತೂ ನಮ್ಮವರು ರೋಗಿಯನ್ನೇ ವಿಚಾರಣೆಗೆ ನಿಲ್ಲಿಸುತ್ತಾರೆ. ‘ನಿನಗೇನು ಕಮ್ಮಿಯಾಗಿದೆ? ಗದ್ದೆಯಿದೆ, ಮಕ್ಕಳು ದಡ ಸೇರಿದ್ದಾರೆ’ ಎಂದು ಅತ್ತೆಯನ್ನು ಕೇಳದವರಿಲ್ಲ. ವಂಶದಿಂದ ಬರುವ ಒಲವು, ಹೆರಿಗೆ, ಸಾವುನೋವು, ಸಾಲ, ಕುಡಿತ, ಸಕ್ಕರೆ ಕಾಯಿಲೆಯಂತಹ ದೀರ್ಘ ರೋಗ ಇವೆಲ್ಲ ಒಂದರೊಡನೊಂದು ಹೆಣೆದುಕೊಂಡು ಖಿನ್ನತೆ ಬರುತ್ತದೆ. ಎದ್ದು ಕಾಣುವ ಕಾರಣವೇ ಇಲ್ಲದೆಯೂ ಬರುತ್ತದೆ. ಆ ಪ್ರಶ್ನೆಗೆ ಉತ್ತರ ತೋಚದ ಹೆಂಗಸು ತನ್ನನ್ನೇ ಇನ್ನಷ್ಟು ಹಳಿದುಕೊಳ್ಳುತ್ತಾಳೆ.

ಇಂಗ್ಲೆಂಡಿನಲ್ಲಿ ಮಾತಿನ ಚಿಕಿತ್ಸೆಗೆ ವೈದ್ಯರ ಚೀಟಿಯೂ ಬೇಕಿಲ್ಲ, ನಾವೇ ಹೆಸರು ಕೊಡಬಹುದು. ಸೌಮ್ಯ ಖಿನ್ನತೆಗೆ ಮಾತ್ರೆಯನ್ನೇ ಮೊದಲು ಕೊಡಬೇಡಿ ಎಂದು ಅಲ್ಲಿನ 2022ರ ಮಾರ್ಗಸೂಚಿ ಹೇಳುತ್ತದೆ. ಆದರೆ ನನ್ನ ಸಹೋದ್ಯೋಗಿ ಸರದಿಗಾಗಿ ಕಾದ ಅಷ್ಟೂ ದಿನ ಒಂಟಿ ಕೋಣೆಯಲ್ಲಿ ಒಬ್ಬರೇ ಇದ್ದರು. ಕೊನೆಗೆ ಅತ್ತೆಯನ್ನು ಮೈಸೂರಿನ ಮನೋವೈದ್ಯರಲ್ಲಿಗೆ ಕರೆದೊಯ್ದಾಗ ಜೊತೆಗೆ ಹೋದವರು ಮೂವರು. ಒಬ್ಬರು ಚೀಟಿಯ ಸಾಲಿನಲ್ಲಿ, ಒಬ್ಬರು ಊಟದ ಕ್ಯಾರಿಯರ್ ಹಿಡಿದು, ಒಬ್ಬರು ಅತ್ತೆಯ ಪಕ್ಕದಲ್ಲಿ. ಇದನ್ನು ಯಾವ ಸರ್ಕಾರವೂ ಹಣ ಕೊಟ್ಟು ಒದಗಿಸಲಾರದು.

ಅದೇ ಮನೆಮಂದಿ ಅತ್ತೆ ನಗತೊಡಗಿದ ಕೂಡಲೇ, ನಿದ್ದೆ ಮಾತ್ರೆಯ ಚಟ ಹಿಡಿದೀತೆಂದು ಹೆದರಿ, ಔಷಧಿ ನಿಲ್ಲಿಸಿದರು, ಕಾಯಿಲೆ ಮರುಕಳಿಸಿತು. ಎಸಿಟಾಲೊಪ್ರಾಮ್, ಸೆರ್ಟ್ರಾಲಿನ್‌ನಂತಹ ಔಷಧಿಗಳು ನಿದ್ದೆ ಮಾತ್ರೆಗಳಲ್ಲ. ಅವುಗಳ ಗುಣ ಕಾಣಲು ಕೆಲವು ವಾರ ಬೇಕು, ಗುಣವಾದ ಮೇಲೂ ಸಾಮಾನ್ಯವಾಗಿ ಕನಿಷ್ಠ ಆರು ತಿಂಗಳು ಮುಂದುವರಿಸಬೇಕು, ನಿಲ್ಲಿಸುವುದಾದರೆ ವೈದ್ಯರು ಹೇಳಿದಂತೆ ಹಂತಹಂತವಾಗಿ ನಿಲ್ಲಿಸಬೇಕು. ಇಷ್ಟನ್ನು ಹೇಳಲು ಐದು ನಿಮಿಷ ಸಾಕಿತ್ತು, ಯಾರೂ ಹೇಳಿರಲಿಲ್ಲ.

2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯಲ್ಲಿ ಗೌಪ್ಯತೆ ರೋಗಿಯ ಹಕ್ಕು. ಆದ್ದರಿಂದ ರೋಗಿಯ ಒಪ್ಪಿಗೆ ಪಡೆದೇ ಈ ಮಾತುಗಳನ್ನು ಜೊತೆಯಲ್ಲಿ ಬಂದವರಿಗೆ ತಿಳಿಸಬೇಕು. ಸುಸ್ತೆಂದು ಬಂದವರಿಗೆ ಮನಸ್ಸಿನ ಬಗ್ಗೆ ಎರಡು ಪ್ರಶ್ನೆ ಕೇಳುವ ರೂಢಿ ಹಳ್ಳಿಯ ಪ್ರಾಥಮಿಕ ಆರೋಗ್ಯ ಕೇಂದ್ರದಿಂದಲೇ ಶುರುವಾಗಬೇಕು. ಸಾವಿನ ಮಾತು ಬಾಯಿಗೆ ಬಂದರಂತೂ ಮುಂದಿನ ತಪಾಸಣೆಯ ದಿನಕ್ಕೆ ಕಾಯದೆ ಹತ್ತಿರದ ಆಸ್ಪತ್ರೆಗೆ ಕರೆದೊಯ್ಯಬೇಕು. 2022ರ ಅಕ್ಟೋಬರ್‌ನಲ್ಲಿ ಆರಂಭವಾದ ಟೆಲಿ ಮಾನಸ್ ಸಹಾಯವಾಣಿ 14416ರಲ್ಲಿ ಹಗಲಿರುಳೂ ಉಚಿತವಾಗಿ, ಕನ್ನಡದಲ್ಲೇ ಮಾತನಾಡಬಹುದು.