‘ತೆಗೆ ಅಂದ್ರೆ ರಿಮೂವ್ ಅಲ್ದ ಅಕ್ಕೋರೆ?’

ಕುಮಟೆಯ ನಮ್ಮ ಮನೆ ಜಗಲಿಯಲ್ಲಿ ಸಂಜೆ ಹೊತ್ತು ಏಳೆಂಟು ಮಕ್ಕಳಿಗೆ ಇಂಗ್ಲಿಷ್ ಹೇಳಿಕೊಡುತ್ತೇನೆ. ಎಲ್ಲರೂ ಕನ್ನಡ ಮಾಧ್ಯಮದವರು. ಅವರಲ್ಲಿ ಒಬ್ಬಳು ಒಂಬತ್ತನೇ ಕ್ಲಾಸಿನ ಹುಡುಗಿ. ಮನೆಯಲ್ಲಿ ಮೀನುಗಾರಿಕೆ. ಲೆಕ್ಕದಲ್ಲಿ ಚುರುಕು, ಮಾತಿನಲ್ಲೂ ಚುರುಕು. ಆದರೆ ಇಂಗ್ಲಿಷ್ ಪುಸ್ತಕ ಬಿಡಿಸಿದರೆ ಸಾಕು, ತುಟಿ ಬಿಚ್ಚುತ್ತಿರಲಿಲ್ಲ.

ಎರಡು ವಾರ ಕಳೆದ ಮೇಲೆ ಕಾರಣ ಗೊತ್ತಾಯಿತು. ಶಾಲೆಯಲ್ಲಿ ಪ್ರವಾಸದ ಬಗ್ಗೆ ಹತ್ತು ವಾಕ್ಯ ಬರೆಯಲು ಹೇಳಿದ್ದರಂತೆ. ಇವಳು ಯಾಣಕ್ಕೆ ಹೋಗಿ ಬಂದದ್ದನ್ನು ಬರೆದಿದ್ದಾಳೆ. ಭೈರವೇಶ್ವರ ಶಿಖರದ ಕೆಳಗೆ ನಿಂತು ಫೋಟೋ ತೆಗೆದೆವು ಅನ್ನುವುದಕ್ಕೆ ‘ವಿ ರಿಮೂವ್ಡ್ ಫೋಟೋಸ್’ ಎಂದು ಬರೆದಿದ್ದಾಳೆ. ಅದನ್ನು ಕ್ಲಾಸಿನಲ್ಲಿ ಗಟ್ಟಿಯಾಗಿ ಓದಿದರು. ಎಲ್ಲರೂ ನಕ್ಕರು. ಆಮೇಲೆ ಎಷ್ಟೋ ದಿನ ಹುಡುಗರು ಅವಳನ್ನು ‘ರಿಮೂವ್’ ಅಂತಲೇ ಕರೆದರಂತೆ.

‘ತೆಗೆ ಅಂದ್ರೆ ರಿಮೂವ್ ಅಲ್ದ ಅಕ್ಕೋರೆ? ಕಸ ತೆಗೆ, ಮುಳ್ಳು ತೆಗೆ, ಎಲ್ಲದಕ್ಕೂ ಅದೇ ಅಲ್ದ?’ ಅಂತ ಕೇಳಿದಳು. ಕಣ್ಣಲ್ಲಿ ನೀರು ತುಂಬಿತ್ತು.

ಆ ರಾತ್ರಿ ನನಗೆ ನಿದ್ದೆ ಹತ್ತಲಿಲ್ಲ. ಆ ಮಗು ಮಾಡಿದ್ದಾದರೂ ಏನು? ನಾವು ಕಲಿಸಿದ್ದನ್ನೇ ಮಾಡಿದ್ದಾಳೆ. ನೋಟ್‌ಬುಕ್ಕಿನ ನಡುವೆ ಗೆರೆ ಎಳೆಸುತ್ತೇವೆ. ಎಡಗಡೆ ಇಂಗ್ಲಿಷ್ ಪದ, ಬಲಗಡೆ ‘ಮೀನಿಂಗ್’. ಟೇಕ್ ಎಂದರೆ ತೆಗೆದುಕೊ. ರಿಮೂವ್ ಎಂದರೆ ತೆಗೆ. ಹತ್ತು ಸಲ ಬರಿ, ಬಾಯಿಪಾಠ ಮಾಡು. ಆ ಪಟ್ಟಿ ನಂಬಿದ ಮಗು ಫೋಟೋ ತೆಗೆಯಲು ರಿಮೂವ್ ಅನ್ನದೆ ಇನ್ನೇನು ಅನ್ನಬೇಕು? ‘ಟೇಕ್ ಪ್ಲೇಸ್’ ಎಂದು ಪಾಠದಲ್ಲಿ ಬಂದರೆ ಅದೇ ಪಟ್ಟಿ ಹಿಡಿದು ‘ಜಾಗ ತೆಗೆದುಕೊ’ ಅಂತಲೇ ಓದುತ್ತದೆ. ಅಲ್ಲಿ ಹೇಳಿದ್ದು ‘ನಡೆಯಿತು’ ಅಂತ.

ನನ್ನ ಮಾತು ಇಷ್ಟೇ. ಟೇಕ್ ಅನ್ನುವ ಪದಕ್ಕೆ ಒಂಟಿಯಾಗಿ ಮೀನಿಂಗ್ ಬರೆಸುವುದನ್ನು ಬಿಟ್ಟುಬಿಡಬೇಕು. ಮೇಕ್, ಹ್ಯಾವ್, ಗಿವ್ ಕೂಡ ಹಾಗೇ. ಪಕ್ಕದ ನಾಮಪದ ಯಾವುದು ಅಂತ ನೋಡದೆ ಇವುಗಳ ಅರ್ಥ ಗೊತ್ತಾಗುವುದಿಲ್ಲ. ಆದ್ದರಿಂದ ಜೋಡಿಯಾಗಿಯೇ ಕಲಿಸಬೇಕು. ಅದಕ್ಕೂ ಮೊದಲು, ಕನ್ನಡದಲ್ಲಿ ನಾವು ದಿನವಿಡೀ ಇದನ್ನೇ ಮಾಡುತ್ತಿದ್ದೇವೆ ಅಂತ ಮಗುವಿಗೆ ತೋರಿಸಬೇಕು.

ನೋಡಿ, ನಾವು ಸ್ನಾನ ಮಾಡುತ್ತೇವೆ. ಅಮೆರಿಕದವರು ಸ್ನಾನವನ್ನು ‘ಟೇಕ್’ ಮಾಡುತ್ತಾರೆ, ಇಂಗ್ಲೆಂಡಿನವರು ಹೆಚ್ಚಾಗಿ ‘ಹ್ಯಾವ್’ ಮಾಡುತ್ತಾರೆ. ನಾವು ರಜೆ ಹಾಕುತ್ತೇವೆ, ಅವರು ಟೇಕ್ ಮಾಡುತ್ತಾರೆ. ಗುಳಿಗೆ ಮಾತ್ರ ಇಬ್ಬರೂ ತಗೊಳ್ಳುತ್ತೇವೆ. ಪರೀಕ್ಷೆಯನ್ನು ನಾವು ಬರೆಯುತ್ತೇವೆ, ಫೇಲಾದರೆ ಮತ್ತೆ ಕಟ್ಟುತ್ತೇವೆ. ಅವರಿಗೆ ಅದೂ ಟೇಕ್. ಇಂಗ್ಲೆಂಡಿನಲ್ಲಿ ಅದಕ್ಕೆ ‘ಸಿಟ್’ ಅನ್ನುವುದೂ ಉಂಟು. ಕವಳ, ಅಂದರೆ ಎಲೆ ಅಡಿಕೆ, ಹಾಕುತ್ತೇವೆ, ತಿನ್ನುತ್ತೇವೆ ಅನ್ನುವುದು ನಮ್ಮ ಶಿರಸಿ ಕಡೆ ಕಡಿಮೆ. ಬಾಯಿಗೆ ಹೋಗುವ ಊಟವನ್ನು ‘ಮಾಡು’ ಅಂತೀವಿ. ಯಾಕೆ ಹೀಗೆ ಅಂತ ಯಾರಾದರೂ ಕೇಳಿದರೆ ಉತ್ತರ ಇದೆಯಾ? ಅದು ಹಾಗೆಯೇ ರೂಢಿಯಾಗಿ ಬಂದಿದೆ.

ಇಂಗ್ಲಿಷ್ ವ್ಯಾಕರಣ ಬರೆದ ಡೆನ್ಮಾರ್ಕಿನ ಪಂಡಿತ ಓಟೋ ಯೆಸ್ಪರ್ಸನ್ (1860–1943) ಇಂಥ ಕ್ರಿಯಾಪದಗಳನ್ನು ‘ಲೈಟ್’ ಎಂದು ಕರೆದರು. ಹಗುರ ಅಂತ. ‘ಟೇಕ್ ಎ ವಾಕ್’ ಅಂದಾಗ ಕೆಲಸದ ಭಾರವೆಲ್ಲ ‘ವಾಕ್’ ಮೇಲೆ. ಟೇಕ್ ಕೈಯಲ್ಲಿ ಹೆಚ್ಚೇನೂ ಇಲ್ಲ, ಅದು ವಾಕ್ಯಕ್ಕೆ ಕಾಲು ಕೊಡುತ್ತದೆ ಅಷ್ಟೇ.

ಆದರೆ ಪೂರ್ತಿ ಖಾಲಿಯೂ ಅಲ್ಲ. ಇದು ನನಗೆ ಬಹಳ ಇಷ್ಟದ ವಿಷಯ, ಸ್ವಲ್ಪ ಹೇಳುತ್ತೇನೆ. ‘ನಿದ್ದೆ ಮಾಡಿದೆ’ ಎನ್ನುವುದಕ್ಕೂ ‘ಒಂದು ನಿದ್ದೆ ತೆಗೆದೆ’ ಎನ್ನುವುದಕ್ಕೂ ವ್ಯತ್ಯಾಸ ಇದೆ ಅಲ್ವಾ? ಎರಡನೆಯದರಲ್ಲಿ ನಿದ್ದೆಗೆ ಒಂದು ಅಳತೆ ಬಂತು. ಮಧ್ಯಾಹ್ನ ಊಟವಾದ ಮೇಲೆ ಹಾಸಿದ ಚಾಪೆ, ಚಾ ಹೊತ್ತಿಗೆ ಎಚ್ಚರ. ಇಂಗ್ಲಿಷಿನ ‘ಟೇಕ್ ಎ ನ್ಯಾಪ್’ ಕೂಡ ಅಷ್ಟೇ ಅಳತೆಯದು. ಅಲ್ಲಿಯ ‘ಎ’ ಮಾಡುವ ಕೆಲಸವನ್ನೇ ನಮ್ಮ ‘ಒಂದು’ ಮಾಡುತ್ತದೆ. ‘ಒಂದು ರೌಂಡ್ ಹಾಕಿ ಬಾ’ ಅಂದರೂ ಹಾಗೇ, ಸುಮ್ನೆ ನಡೆ ಅಂದ ಹಾಗಲ್ಲ. ಇದನ್ನು ಹೇಳಿದ ದಿನ ಮಕ್ಕಳ ಮುಖ ನೋಡಬೇಕಿತ್ತು. ‘ಎ’ ಎಲ್ಲಿ ಹಾಕಬೇಕು ಅನ್ನುವ ಗೋಳು ಅವರಿಗೆ ಅಂದು ಅರ್ಧ ಕಡಿಮೆಯಾಯಿತು.

ಇನ್ನೊಂದು. ನಮ್ಮ ‘ತಗೊಳ್ಳು’ ಬಂದದ್ದು ‘ತೆಗೆದು’ ಮತ್ತು ‘ಕೊಳ್ಳು’ ಸೇರಿ. ಹಾಗಾಗಿ ಟೇಕ್‌ಗೆ ನಿಜವಾಗಿ ಸಮನಾದ ನಮ್ಮ ಪದ ಅಂದರೆ ಕೊಳ್ಳು. ಅದು ಎಲ್ಲೆಲ್ಲಿ ಹೋಗಿ ಕೂತಿದೆ ನೋಡಿ. ಟೇಕ್ ಪಾರ್ಟ್ ಅಂದರೆ ಪಾಲ್ಗೊಳ್ಳು. ಪಾಲು, ಕೊಳ್ಳು. ಇಂಗ್ಲಿಷಿನ ಎರಡು ಪದ, ನಮ್ಮವೂ ಎರಡು, ಅರ್ಥವೂ ಅದೇ. ಹೊರಡುವಾಗ ಹೇಳುವ ಟೇಕ್ ಲೀವ್ ಅಂದರೆ ಬೀಳ್ಕೊಳ್ಳು. ಕೈಗೊಳ್ಳು, ನೆಲೆಗೊಳ್ಳು, ಕೊನೆಗೊಳ್ಳು, ಎಲ್ಲದರಲ್ಲೂ ಅದೇ ಹಗುರವಾದ ಕೊಳ್ಳು. ಅಂಗಡಿಯಲ್ಲಿ ಸಾಮಾನು ಕೊಳ್ಳುವ ಕೊಳ್ಳು ಕೂಡ ಇದೇ. ಇಷ್ಟು ಸಂಪತ್ತು ಮನೆಯಲ್ಲೇ ಇಟ್ಟುಕೊಂಡ ಮಗುವಿಗೆ ‘ನಿನಗೆ ಭಾಷೆ ಬರೋದಿಲ್ಲ’ ಅನ್ನಲು ನಮಗೆ ಬಾಯಾದರೂ ಹೇಗೆ ಬರುತ್ತದೆ?

ಟೇಕ್ ಕೂಡ ಹುಟ್ಟಾ ಇಂಗ್ಲಿಷ್ ಪದವಲ್ಲ. ಸಾವಿರ ವರ್ಷದ ಹಿಂದೆ ಇಂಗ್ಲೆಂಡಿನವರು ‘ತಗೊ’ ಅನ್ನಲು ‘ನಿಮನ್’ ಅನ್ನುತ್ತಿದ್ದರು. ಜರ್ಮನ್ನರು ಇವತ್ತಿಗೂ ಅದರ ಒಡಹುಟ್ಟು ‘ನೇಮನ್’ ಅನ್ನುತ್ತಾರೆ. ಉತ್ತರದ ಸಮುದ್ರ ದಾಟಿ ದೋಣಿಯಲ್ಲಿ ಬಂದ ವೈಕಿಂಗರು ‘ತಾಕಾ’ ಅನ್ನುವ ಪದ ತಂದರು. ನಿಧಾನವಾಗಿ ಅದೇ ಗೆದ್ದಿತು. ನಿಮನ್ ಉಳಿದದ್ದು ‘ನಂಬ್’ನಂಥ ಒಂದೆರಡು ಪದಗಳ ಒಳಗೆ ಮಾತ್ರ. ನಂಬ್ ಅಂದರೆ ಈಗ ಮರಗಟ್ಟಿದ ಅಂತ, ಮೂಲದಲ್ಲಿ ‘ಹಿಡಿಯಲ್ಪಟ್ಟ’ ಅಂತ. ನಾವೂ ಕೈಗೆ ಜೋಮು ‘ಹಿಡಿಯಿತು’ ಅಂತೀವಲ್ಲ, ಅದೇ ಯೋಚನೆ. ಸಮುದ್ರದ ಮೇಲೆ ಬಂದ ಪದಗಳು ನಮ್ಮ ಕರಾವಳಿಗೆ ಹೊಸದಲ್ಲ. ಬಟಾಟೆ, ಚಾವಿ, ಪಗಾರ, ಎಲ್ಲ ಪೋರ್ಚುಗೀಸರ ಜೊತೆ ಬಂದವು. ಆದರೆ ಅವು ನಾಮಪದಗಳು. ನಾಮಪದ ಯಾವ ಬಂದರಿನಲ್ಲಾದರೂ ಇಳಿಯುತ್ತದೆ. ‘ತಗೊ’ ಅನ್ನುವಂಥ ಮನೆಯೊಳಗಿನ ಕ್ರಿಯಾಪದವನ್ನೇ ಹೊರಗಿನಿಂದ ತಂದುಕೊಳ್ಳುವುದು ಅಪರೂಪ. ನಾವು ಇಂಗ್ಲಿಷ್ ಕ್ರಿಯಾಪದ ತಂದರೂ ಅದನ್ನು ಮೊದಲು ನಾಮಪದದ ಹಾಗೆ ಕೂರಿಸಿ ಪಕ್ಕದಲ್ಲಿ ‘ಮಾಡು’ ಇಡುತ್ತೇವೆ. ಅಡ್ಜಸ್ಟ್ ಮಾಡು, ಡೌನ್‌ಲೋಡ್ ಮಾಡು.

ತಿದ್ದಬೇಡಿ ಅಂತ ನಾನು ಹೇಳುತ್ತಿಲ್ಲ. ರಿಮೂವ್ಡ್ ಫೋಟೋಸ್ ಅನ್ನುವುದನ್ನು ತಿದ್ದಲೇಬೇಕು, ಇಲ್ಲದಿದ್ದರೆ ನಾಳೆ ಕೆಲಸದ ಜಾಗದಲ್ಲಿ ಫೋಟೋ ಅಳಿಸಿಬಿಟ್ಟಳು ಅಂತ ತಿಳಿಯುತ್ತಾರೆ. ನಗುವುದು ಬೇಡ ಅನ್ನುತ್ತಿದ್ದೇನೆ. ತಿದ್ದುವವರಿಗೂ ಸ್ವಲ್ಪ ಗೊತ್ತಿರಬೇಕು. ‘ಟೇಕ್ ಎ ಡಿಸಿಷನ್’ ತಪ್ಪು, ‘ಮೇಕ್’ ಮಾತ್ರ ಸರಿ ಅಂತ ಕೆಂಪು ಗೆರೆ ಎಳೆದದ್ದನ್ನು ನೋಡಿದ್ದೇನೆ. ಬ್ರಿಟಿಷ್ ಇಂಗ್ಲಿಷಿನಲ್ಲಿ ಎರಡೂ ನಡೆಯುತ್ತವೆ.

ಮರುದಿನ ಸಂಜೆ ನಾನು ಪುಸ್ತಕ ಬಿಡಿಸಲಿಲ್ಲ. ಆ ಹುಡುಗಿಗೆ ಕೇಳಿದೆ, ‘ತಂಗಿ, ಬಲೆ ಅನ್ನುವ ಪದದ ಜೊತೆ ನಿಮ್ಮ ಮನೆಯಲ್ಲಿ ಏನೇನು ಸೇರಿಸಿ ಹೇಳ್ತೀರಿ?’

ಅವಳು ಒಂದು ಗಳಿಗೆ ಸುಮ್ಮನಿದ್ದಳು. ಆಮೇಲೆ ಬೆರಳು ಮಡಚುತ್ತಾ ಹೋದಳು. ಬಲೆ ಹೆಣೆ. ಬಲೆ ಬೀಸು. ಬಲೆ ಬಿಡು. ಬಲೆ ಎಳೆ. ಬೀಸುವುದು ಬೇರೆ, ಬಿಡುವುದು ಬೇರೆ ಅಂತ ಎದ್ದು ನಿಂತು ಕೈಬೀಸಿ ತೋರಿಸಿದಳು. ಪಕ್ಕದ ಹುಡುಗನ ಅಜ್ಜನ ಮನೆ ಶಿರಸಿ ಹತ್ತಿರ. ಅವನಿಗೂ ಉಮೇದು ಬಂತು. ಕೊನೆ ಕೊಯ್ಯು, ಅಡಿಕೆ ಸುಲಿ, ಔಷಧಿ ಹೊಡಿ ಅಂತ ಶುರು ಮಾಡಿದ. ಯಕ್ಷಗಾನ ಕಲಿಯುವ ಮತ್ತೊಬ್ಬ ಗೆಜ್ಜೆ ಕಟ್ಟು, ಬಣ್ಣ ಹಚ್ಚು, ಅರ್ಥ ಹೇಳು ಎಂದ. ‘ಗೆಜ್ಜೆ ಹಾಕು ಅಂದ್ರೆ ಆಗ್ತದ?’ ಅಂತ ನಾನು ಕೇಳಿದ್ದಕ್ಕೆ, ‘ಛೆ, ಕಟ್ಟೂದೇ’ ಅಂದ. ಯಾರೂ ಅವನಿಗೆ ಆ ನಿಯಮ ಬರೆಸಿರಲಿಲ್ಲ.

‘ಇಂಗ್ಲಿಷಿನವರಿಗೂ ಹೀಗೆ ಕಿವಿಗೆ ಗೊತ್ತು. ಅವರ ಕಿವಿಗೆ ಫೋಟೋ ಜೊತೆ ಟೇಕ್ ಬರ್ತದೆ’ ಅಂದೆ.

ಹುಡುಗಿ ತಲೆ ಎತ್ತಿ ಕೇಳಿದಳು, ‘ಹಂಗಾದ್ರೆ ಅವ್ರು ಬಲೆಗೆ ಎಂತ ಹೇಳ್ತ್ರು ಅಕ್ಕೋರೆ?’

ನನಗೆ ತಟ್ಟನೆ ಹೊಳೆಯಲಿಲ್ಲ. ಇಬ್ಬರೂ ಕೂತು ಫೋನಿನಲ್ಲಿ ನಿಘಂಟು ತೆಗೆದು ಹುಡುಕಿದೆವು. ಬೀಸುವುದಕ್ಕೆ ‘ಕಾಸ್ಟ್’, ಎಳೆಯುವುದಕ್ಕೆ ‘ಹಾಲ್’. ಅವಳು ನೋಟ್‌ಬುಕ್ಕಿನ ಹೊಸ ಹಾಳೆಯಲ್ಲಿ ನಡುವೆ ಗೆರೆ ಎಳೆಯದೆ, ಸಾಲುದ್ದಕ್ಕೂ ಬರೆದಳು. ಕಾಸ್ಟ್ ಎ ನೆಟ್, ಬಲೆ ಬೀಸು. ಅದರ ಕೆಳಗೆ, ಟೇಕ್ ಎ ಫೋಟೋ, ಫೋಟೋ ತೆಗೆ. ಬರೆದದ್ದನ್ನು ಗಟ್ಟಿಯಾಗಿ ಓದಿದಳು.