ಮೀನಿನ ಮೇವಿನಲ್ಲಿ ‘ಆಸಿಡ್’ ಇದೆಯಾ?

ಸಾಕಿದ ಸಮುದ್ರ ಮೀನು ಬೇಗ ಬೆಳೆಯಲಿ ಅಂತ ಆಸಿಡ್ ತಿನ್ನಿಸುತ್ತಾರೆ ಎಂಬ ಮೆಸೇಜ್ ಚಿತ್ರದುರ್ಗದ ವಾಟ್ಸಾಪ್ ಗುಂಪುಗಳಿಗೂ ಆಗಾಗ ಬರುತ್ತದೆ. ಕಳಿಸುವವರು ಮನೆಯವರ ಮೇಲಿನ ಕಾಳಜಿಯಿಂದಲೇ ಕಳಿಸುತ್ತಾರೆ. ಆದರೆ ವಿಷಯ ತಪ್ಪು.

ಮೇವಿಗೆ ಸೇರಿಸುವುದು ಅಮೈನೊ ಆಸಿಡ್. ಬ್ಯಾಟರಿಗೆ ಹಾಕುವ ಆಸಿಡ್‌ಗೂ ಇದಕ್ಕೂ ಸಂಬಂಧವಿಲ್ಲ. ಪ್ರೋಟೀನ್ ಕಟ್ಟುವ ತುಣುಕುಗಳಿವು. ತೊಗರಿಬೇಳೆಯಲ್ಲೂ ಇವೆ, ನಮ್ಮ ಮೈಯಲ್ಲೂ ಇವೆ.

ಇವುಗಳಲ್ಲಿ 10 ಬಗೆಯವು ಮೀನಿಗೆ ಮೇವಿನಿಂದಲೇ ಸಿಗಬೇಕು. ಮೊಳಕಾಲ್ಮೂರಿನ ಮಗ್ಗದಲ್ಲಿ ಒಂದು ಬಣ್ಣದ ನೂಲು ಮುಗಿದರೆ, ಉಳಿದ ನೂಲು ರಾಶಿ ಇದ್ದರೂ ಸೀರೆ ಮುಂದೆ ಸಾಗುವುದಿಲ್ಲ. ಮೀನಿನ ಬೆಳವಣಿಗೆಯೂ ಹಾಗೆಯೇ. ಸೀಬಾಸ್, ಕೋಬಿಯಾದಂಥ ಮೀನುಗಳ ಮೇವಿನಲ್ಲಿ ಸುಮಾರು ಶೇ 40ರಿಂದ 45ರಷ್ಟು ಪ್ರೋಟೀನ್ ಬೇಕು. ಹಿಂದೆ ಅದು ಹೆಚ್ಚಾಗಿ ಒಣಮೀನಿನ ಪುಡಿಯಿಂದ ಬರುತ್ತಿತ್ತು. ಈಗ ಸೋಯಾ ಹಿಂಡಿಯನ್ನೂ ಜಾಸ್ತಿ ಬಳಸುತ್ತಾರೆ. ಸೋಯಾದಲ್ಲಿ ಮೆಥಿಯೋನಿನ್ ಎಂಬ ಅಮೈನೊ ಆಸಿಡ್ ಕಡಿಮೆ. ಚಳ್ಳಕೆರೆಯ ಗಾಣಗಳಿಂದ ಬರುವ ಶೇಂಗಾ ಹಿಂಡಿಯಲ್ಲಿ ಲೈಸಿನ್ ಎಂಬ ಇನ್ನೊಂದು ಅಮೈನೊ ಆಸಿಡ್ಡೂ ಕಡಿಮೆ. ಆ ಕೊರತೆ ತುಂಬಲು ಈ ಅಮೈನೊ ಆಸಿಡ್‌ಗಳನ್ನು ಬೆರೆಸುತ್ತಾರೆ, ಸುಮ್ನೆ ಅಲ್ಲ. ಲೈಸಿನ್ ತಯಾರಾಗುವುದೂ ಸಕ್ಕರೆಯಂಶವನ್ನು ಹುದುಗಿಸಿ. ರಾಗಿ ಮುದ್ದೆಯ ಜೊತೆ ಬೇಳೆ ಸಾರು ಉಣ್ಣುವಾಗ ಆಗುವುದೂ ಇದೇ ಅಲ್ವಾ? ರಾಗಿಯಲ್ಲಿ ಕಡಿಮೆ ಇರುವ ಲೈಸಿನ್ ಅನ್ನು ಬೇಳೆ ಕೊಡುತ್ತದೆ, ಬೇಳೆಯಲ್ಲಿ ಕಡಿಮೆ ಇರುವ ಮೆಥಿಯೋನಿನ್ ಅನ್ನು ರಾಗಿ ಕೊಡುತ್ತದೆ.

ಇಂಥ ಮೆಸೇಜ್ ಬಂದರೆ ಯಾವ ಆಸಿಡ್, ಎಷ್ಟು ಅಂತ ಬರೆದಿದೆಯಾ ಮೊದಲು ನೋಡಿ. ಹೆಸರಿದ್ದರೆ ಪಿಯುಸಿ ಓದುವ ಮಕ್ಕಳ ಜೀವಶಾಸ್ತ್ರ ಪುಸ್ತಕದಲ್ಲಿ ಹುಡುಕಿ. ಕೋಳಿ ಸಾಕುವ ಪರಿಚಯದವರಿದ್ದರೆ ಕೋಳಿ ಮೇವಿನಲ್ಲಿ ಏನೇನಿದೆ ಅಂತ ಕೇಳಿ. ಲೈಸಿನ್, ಮೆಥಿಯೋನಿನ್ ಅವರಿಗೆ ಹಳೆಯ ಪರಿಚಯ.