ಸ್ಪಷ್ಟನೆ: ಅಜ್ಜನ ಕೋವಿಯೂ ಲೆಕ್ಕಕ್ಕೆ ಬರುತ್ತದೆ

“ಲೈಸೆನ್ಸಿಗೆ ಮೂರು ಕೋವಿ, ಅಜ್ಜನಿಂದ ಬಂದದ್ದು ಲೆಕ್ಕಕ್ಕಿಲ್ಲ” ಎಂಬ ವಾಟ್ಸಾಪ್ ಸಂದೇಶ ಮಲೆನಾಡಿನಲ್ಲಿ ಓಡಾಡುತ್ತಿದೆ. ಎರಡೂ ಮಾತು ತಪ್ಪು. ಮೂರರ ಮಿತಿ ಶಸ್ತ್ರಾಸ್ತ್ರ ಕಾಯ್ದೆಯ 2019ರ ತಿದ್ದುಪಡಿಯಲ್ಲಿ ಎರಡಕ್ಕೆ ಇಳಿಯಿತು. ವಂಶಪಾರಂಪರ್ಯವಾಗಿ ಬಂದ ಕೋವಿಗೂ ಅದೇ ಮಿತಿ. ಹೆಚ್ಚಿನದನ್ನು ಠಾಣೆಗೋ ಪರವಾನಗಿ ಇರುವ ಬಂದೂಕು ಅಂಗಡಿಗೋ ಒಪ್ಪಿಸಲು ಕೊಟ್ಟಿದ್ದ ಒಂದು ವರ್ಷ 2020ರ ಡಿಸೆಂಬರಿಗೇ ಮುಗಿದಿದೆ. ಕೊಡವರಿಗೂ ಕೊಡಗಿನ ಜಮ್ಮಾ (ಪರಂಪರಾಗತ ಭೂಮಿ) ಹಿಡುವಳಿದಾರರಿಗೂ 2029ರ ಅಕ್ಟೋಬರ್ 31ರವರೆಗೆ ಇರುವ ಲೈಸೆನ್ಸ್ ವಿನಾಯಿತಿ ಬೇರೆಯೇ ವಿಷಯ, ಅದನ್ನು ಇಲ್ಲಿಗೆ ಎಳೆಯಬೇಡಿ.

ಹಿರಿಯರು ತೀರಿಕೊಳ್ಳುವವರೆಗೆ ಕಾಯಬೇಕೆಂದೇನೂ ಇಲ್ಲ. ಅವರಿಗೆ 70 ತುಂಬಿದರೆ, ಇಲ್ಲವೇ ಕೋವಿ 25 ವರ್ಷ ಅವರ ಬಳಿ ಇದ್ದರೆ, ಆ ಕೋವಿಯ ಲೈಸೆನ್ಸಿಗೆ ವಾರಸುದಾರರು ಅರ್ಜಿ ಹಾಕಬಹುದು.

ಯಾವ ಎರಡನ್ನು ಉಳಿಸಿಕೊಳ್ಳಬೇಕು? ಹಳೆಯ ಜೋಡಿ ನಳಿಗೆಯಾದರೆ ಮೊದಲು ನಳಿಗೆಯ ಅಡಿಭಾಗದ ಮುದ್ರೆ ನೋಡಿ. 65 ಎಂದಿದ್ದರೆ ತೋಟಾ ಕೂರುವ ಗೂಡು 65 ಮಿ.ಮೀ. ಈಗ ಸಿಗುವ 70 ಮಿ.ಮೀ. ತೋಟಾ ಅದರಲ್ಲಿ ಸಲೀಸಾಗಿ ಕೂರುತ್ತದೆ, ಮೋಸವಾಗುವುದೇ ಅಲ್ಲಿ. ತೋಟಾದ ಮಡಚಿದ ಬಾಯಿ ಗುಂಡು ಹಾರಿಸಿದಾಗಷ್ಟೇ ಬಿಚ್ಚಿಕೊಂಡು ಪೂರ್ತಿ 70 ಆಗುತ್ತದೆ. ನಳಿಗೆ ಕಿರಿದಾಗುವ ಜಾಗಕ್ಕೆ ಚಾಚಿ ದಾರಿ ಇಕ್ಕಟ್ಟಾಗಿ, ಒತ್ತಡ ಏರುತ್ತದೆ. ಕಪ್ಪು ಮದ್ದಿನ ಕಾಲದ, ಸುರುಳಿ ಗೆರೆಯ ಡಮಾಸ್ಕಸ್ ನಳಿಗೆ ಅದನ್ನು ತಾಳದೆ ಸೀಳಬಹುದು. ತೋಟಾ ಕೊಳ್ಳುವ ಮುನ್ನ ಕೋವಿಯನ್ನು ಪರವಾನಗಿ ಇರುವ ದುರಸ್ತಿಗಾರರಿಗೆ ದಯವಿಟ್ಟು ತೋರಿಸಿ.